ಪಾಡ್ದನ ಹಾಡಿದವರು, ಪಾಡ್ದನ ಬರೆದುಕೊಂಡವರು

ಪಾಡ್ದನ ಅಂದರೆ ಏನೆಂದು ನಮ್ಮ ಕಡೆಯ ಮಕ್ಕಳಿಗೆ ಹೆಚ್ಚು ಹೇಳಬೇಕಾಗಿಲ್ಲ. ನೇಮದ ರಾತ್ರಿ ದೈವ ಕಟ್ಟುವವರು ಮುಖಕ್ಕೆ ಬಣ್ಣ ಹಾಕಿಕೊಳ್ಳುತ್ತಿರುವಾಗ ಅವರ ಮನೆಯ ಹೆಂಗಸರು ಪಕ್ಕದಲ್ಲಿ ಕೂತು ತೆಂಬರೆ ಬಾರಿಸುತ್ತಾ ಹಾಡುತ್ತಾರಲ್ಲ, ಅದೇ ಪಾಡ್ದನ. ಸಂದಿ ಎಂದೂ ಕರೆಯುತ್ತಾರೆ. ಆ ದೈವ ಎಲ್ಲಿ ಹುಟ್ಟಿತು, ಯಾವ ಊರಿಂದ ಯಾವ ಊರಿಗೆ ಬಂತು, ಯಾರ ಮನೆಯಲ್ಲಿ ನೆಲೆಯಾಯಿತು ಎಂಬ ಕತೆಯೆಲ್ಲ ಅದರಲ್ಲಿ ಉಂಟು. ಗದ್ದೆಯಲ್ಲಿ ನೇಜಿ ನೆಡುವಾಗಲೂ ಪಾಡ್ದನ ಹಾಡುತ್ತಿದ್ದರು. ಒಬ್ಬರು ಮುಂದೆ ಹೇಳುವುದು, ಉಳಿದವರು ಬಗ್ಗಿದಲ್ಲಿಂದಲೇ ಒಟ್ಟಿಗೆ ದನಿ ಸೇರಿಸುವುದು. ಮಳೆಯ ಸದ್ದಿನಲ್ಲೂ ಅದು ಮೂರು ಗದ್ದೆ ಆಚೆಗೆ ಕೇಳುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ.

ಈ ಹಾಡುಗಳನ್ನು ಅಭ್ಯಾಸ ಮಾಡುವುದೇ ಒಂದು ವಿದ್ಯೆ, ಅದಕ್ಕೆ ಜಾನಪದ ಅಧ್ಯಯನ ಎಂದು ಹೆಸರು. ಆ ವಿದ್ಯೆಯವರು ದೇಶವಿದೇಶಗಳಲ್ಲಿ ಹೆಸರಿಸುವ ಹಾಡೊಂದು ನಮ್ಮ ಬೆಳ್ತಂಗಡಿ ತಾಲೂಕಿನದ್ದು.

ಮೂಡುಬಿದಿರೆಯ ಬಸದಿಗೆ ಹೋದವರಿಗೆ ಧವಲಾ ಗ್ರಂಥಗಳ ತಾಳೆಗರಿಯ ವಿಷಯ ಗೊತ್ತಿರಬಹುದು. ನೂರಾರು ವರ್ಷ ಅವು ಅಲ್ಲಿ ಜೋಪಾನವಾಗಿ ಉಳಿದವು, ದೂರದ ಪಂಡಿತರು ಅವನ್ನು ಹುಡುಕಿಕೊಂಡು ಬಂದರು. ಪಾಡ್ದನಕ್ಕೆ ತಾಳೆಗರಿ ಇಲ್ಲ, ಬಸದಿಯೂ ಇಲ್ಲ. ಅದು ಇದ್ದದ್ದು ಹಾಡುವವರ ಬಾಯಲ್ಲಿ. ಹಾಡುವವರು ಹೋದರೆ ಅದೂ ಹೋಯಿತು.

ಮೊದಲಿಗೆ ಪಾಡ್ದನಗಳನ್ನು ಅಚ್ಚು ಹಾಕಿಸಿದವರು ಪರದೇಶದವರು. ಮಂಗಳೂರಿನ ಬಾಸೆಲ್ ಮಿಶನ್‌ನಲ್ಲಿದ್ದ ಮ್ಯಾನರ್ ಎಂಬ ಪಾದ್ರಿಯವರು 1886ರಲ್ಲಿ ‘ಪಾಡ್ದನೊಳು’ ಎಂಬ ಪುಸ್ತಕ ತಂದರು. ಅದೇ ವರ್ಷ ಅವರ ತುಳು–ಇಂಗ್ಲಿಷ್ ನಿಘಂಟೂ ಬಂತು. ಮಂಗಳೂರಿನಲ್ಲಿ ಜಡ್ಜ್ ಆಗಿದ್ದ ಬರ್ನೆಲ್ ಎಂಬವರು ಭೂತಗಳ ಕತೆಗಳನ್ನು ಸಂಗ್ರಹಿಸಿದ್ದರು. ಅವರು 1882ರಲ್ಲಿ ತೀರಿಕೊಂಡ ಮೇಲೆ, 1894ರಿಂದ 1897ರವರೆಗೆ ಅವು ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಬಂದವು. ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಅರ್ಥ ‘ತುಳುವರ ಪಿಶಾಚಿ ಪೂಜೆ’ ಎಂದು! ನಾವು ಕೈಮುಗಿಯುವ ದೈವಗಳಿಗೆ ಅವರು ಕೊಟ್ಟ ಹೆಸರು ಅದು. ಸಿಟ್ಟು ಬರುವುದು ಸಹಜವೇ. ಆದರೂ ಅವರು ಬರೆಸಿಡದೆ ಇರುತ್ತಿದ್ದರೆ ಆ ಕಾಲದ ಪಾಡ್ದನ ಹೇಗಿತ್ತೆಂದು ತಿಳಿಯಲು ನಮಗೆ ದಾರಿ ಇರುತ್ತಿರಲಿಲ್ಲ. ಆಮೇಲೆ ನಮ್ಮವರೇ ಕೆಲಸಕ್ಕೆ ಇಳಿದರು. ಅಮೃತ ಸೋಮೇಶ್ವರರು ಪಾಡ್ದನಗಳನ್ನು ಸಂಗ್ರಹಿಸಿದರು, ಬಿ. ಎ. ವಿವೇಕ ರೈಯವರ ‘ತುಳು ಜನಪದ ಸಾಹಿತ್ಯ’ 1985ರಲ್ಲಿ ಬಂತು. ಅಮೆರಿಕದ ಪೀಟರ್ ಕ್ಲಾಸ್ ಎಂಬವರು 1970ರ ದಶಕದಲ್ಲೇ ಇಲ್ಲಿಗೆ ಬಂದು ಸಿರಿಯ ಆರಾಧನೆಯ ಬಗ್ಗೆ ಬರೆದರು.

ಸಿರಿಯ ಕತೆ ಚುಟುಕಾಗಿ ಹೇಳುವುದಾದರೆ ಹೀಗೆ. ಸತ್ಯನಾಪುರದ ಮುದುಕ ಅಜ್ಜರಿಗೆ ಬೆರ್ಮೆರ ಪ್ರಸಾದವಾಗಿ ಸಿಕ್ಕಿದ ಮಗು ಸಿರಿ. ಮದುವೆಯಾಗಿ ಗರ್ಭಿಣಿಯಾದಾಗ ಗಂಡ ಅವಳ ಬಯಕೆಗೆಂದು ಸೀರೆ ತರುತ್ತಾನೆ. ಆದರೆ ಅದನ್ನು ಮೊದಲು ಬೇರೊಬ್ಬಳು ಉಟ್ಟಿರುತ್ತಾಳೆ. ಸಿರಿ ಆ ಸೀರೆಯನ್ನು ಬೇಡವೆನ್ನುತ್ತಾಳೆ, ಕಡೆಗೆ ಆ ಗಂಡನನ್ನೂ ಬಿಟ್ಟು ಮಗು ಕುಮಾರನೊಂದಿಗೆ ಹೊರಟು ಹೋಗುತ್ತಾಳೆ. ಮುಂದೆ ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗ. ಆ ಇಬ್ಬರೂ ಚೆನ್ನೆಮಣೆ ಆಡುವಾಗ ಜಗಳವಾಗಿ ಪ್ರಾಣ ಬಿಡುತ್ತಾರೆ. ಅಕ್ಕತಂಗಿ ಒಟ್ಟಿಗೆ ಕೂತು ಚೆನ್ನೆ ಆಡಬಾರದು ಎಂದು ಮನೆಯಲ್ಲಿ ಗದರುವುದು ಇದಕ್ಕೇ. ಕವತ್ತಾರು, ನಂದಳಿಕೆ ಮೊದಲಾದ ಆಲಡೆಗಳ ಸಿರಿ ಜಾತ್ರೆಯಲ್ಲಿ ಹೆಂಗಸರು ಕೈಯಲ್ಲಿ ಹಿಂಗಾರ ಹಿಡಿದು ಸಿರಿಯ ದರ್ಶನದಲ್ಲಿ ನಿಲ್ಲುತ್ತಾರೆ. ಅವರನ್ನು ನಡೆಸುವ ಗಂಡಸಿಗೆ ಕುಮಾರ ಎಂದು ಹೆಸರು.

ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಅಂಥ ಕುಮಾರ. ಬೇಸಾಯದ ಮನುಷ್ಯ. ಅವರ ಹಾಡು ಕೇಳಲು ಫಿನ್‌ಲೆಂಡ್ ದೇಶದಿಂದ ಪ್ರೊಫೆಸರ್ ಲೌರಿ ಹಾಂಕೊ ಬಂದರು.

ಅಷ್ಟು ದೂರದವರಿಗೆ ಇಲ್ಲಿ ಏನು ಕೆಲಸ? ಫಿನ್‌ಲೆಂಡಿನವರಿಗೆ ಹಾಡಿನ ಕತೆ ಅಂದರೆ ಬಹಳ ಅಭಿಮಾನ. ಅಲ್ಲಿ ಲೋನ್ರೊಟ್ ಎಂಬ ಡಾಕ್ಟರು ಹಳ್ಳಿ ಹಳ್ಳಿ ತಿರುಗಿ ಹಾಡು ಬರೆದುಕೊಂಡು ಬಂದು ‘ಕಾಲೇವಾಲ’ ಎಂಬ ಕಾವ್ಯ ಮಾಡಿದರು. 1835ರಲ್ಲಿ ಮೊದಲು ಬಂತು, 1849ರಲ್ಲಿ ದೊಡ್ಡದಾಗಿ 22,795 ಸಾಲಿಗೆ ಬೆಳೆಯಿತು. ಆದರೆ ಅದನ್ನು ಯಾವ ಒಬ್ಬರೂ ಹಾಡಿದ್ದಲ್ಲ. ಹಲವರ ಹಾಡಿನ ತುಂಡುಗಳನ್ನು ಲೋನ್ರೊಟ್ ತಾವೇ ಹೊಲಿದು ಸೇರಿಸಿದ್ದು. ಒಬ್ಬನೇ ಹಾಡುಗಾರ ಒಂದು ಮಹಾಕಾವ್ಯವನ್ನು ಮೊದಲಿಂದ ಕೊನೆಯವರೆಗೆ ಹಾಡುವುದುಂಟೋ, ಉಂಟಾದರೆ ಅದನ್ನು ಹೇಗೆ ಮಾಡುತ್ತಾನೆ? ಹಾಂಕೊ ಅವರಿಗೆ ಅದನ್ನು ಕಣ್ಣಾರೆ ನೋಡಬೇಕಾಗಿತ್ತು.

ಗೋಪಾಲ ನಾಯ್ಕರು ಹಿಂದೆ ರೇಡಿಯೋದಲ್ಲಿ ಕೋಟಿ ಚೆನ್ನಯ ಪಾಡ್ದನವನ್ನು 20 ನಿಮಿಷದಲ್ಲಿ ಹಾಡಿ ಮುಗಿಸಿದ್ದರು. ರೇಡಿಯೋದವರು ಕೊಟ್ಟ ಹೊತ್ತು ಅಷ್ಟೇ. ಅದನ್ನೇ ಪೂರ್ತಿ ಹಾಡಿ ಎಂದು ಹಾಂಕೊ ಕೇಳಿಕೊಂಡಾಗ ಅದು 15 ಗಂಟೆಗೂ ಹೆಚ್ಚು ನಡೆಯಿತು! ಎರಡೂ ಅದೇ ಕತೆ, ಹಾಡಿದವರೂ ಅವರೇ. 1990ರ ಡಿಸೆಂಬರ್‌ನಲ್ಲಿ ಸಿರಿಯ ಸರದಿ ಬಂತು. ಹಾಂಕೊ, ಅವರ ಪತ್ನಿ ಅನ್ನೇಲಿ, ನಮ್ಮವರಾದ ವಿವೇಕ ರೈ ಮತ್ತು ಚಿನ್ನಪ್ಪ ಗೌಡ ಒಟ್ಟಿಗೆ ಕೂತು ಆರು ದಿನ ರೆಕಾರ್ಡ್ ಮಾಡಿದರು. ಬರೆದು ಎಣಿಸಿದಾಗ 15,683 ಸಾಲು. ಗ್ರೀಕರ ಇಲಿಯಡ್ ಎಂಬ ಜಗತ್ಪ್ರಸಿದ್ಧ ಕಾವ್ಯ ಸುಮಾರು 15,700 ಸಾಲಿನದ್ದು. ಹೆಚ್ಚುಕಡಿಮೆ ಸಮಸಮ.

ಇಷ್ಟನ್ನು ಹೇಗೆ ನೆನಪಿಟ್ಟರು? ನಾವು ಪದ್ಯ ಕಂಠಪಾಠ ಮಾಡಿದ ಹಾಗೆ ಮಾಡಿದ್ದಲ್ಲ. ಹಾಗೆ ಮಾಡಿದ್ದರೆ 15 ಗಂಟೆಯದ್ದನ್ನು 20 ನಿಮಿಷಕ್ಕೆ ಇಳಿಸಲು ಆಗುತ್ತಿರಲಿಲ್ಲ. ನಮಗೆ ಪದ್ಯದ ನಡುವೆ ಒಂದು ಸಾಲು ತಪ್ಪಿದರೆ ಮುಂದಿನದ್ದೇ ಬರುವುದಿಲ್ಲ ಅಲ್ವಾ? ಪಾಡ್ದನದವರಿಗೆ ಹಾಗೆ ಆಗುವುದಿಲ್ಲ. ಕತೆಯ ದಾರಿ ಅವರ ಮನಸ್ಸಿನಲ್ಲಿ ಉಂಟು. ಅದರ ಜೊತೆ ಕೆಲವು ಸಿದ್ಧ ಕಟ್ಟುಗಳು ಉಂಟು. ಯಾರಾದರೂ ಪ್ರಯಾಣ ಹೊರಟರೆ ಮಿಂದದ್ದು, ಉಟ್ಟದ್ದು, ಬಾಗಿಲು ಹಾಕಿದ್ದು, ಗದ್ದೆ ಬದು ದಾಟಿದ್ದು ಎಲ್ಲವನ್ನೂ ಒಂದು ಕ್ರಮದಲ್ಲಿ ಹೇಳಬಹುದು. ನೆಂಟರು ಬಂದರೆ ಕಾಲಿಗೆ ನೀರು, ಕೂರಲು ಮಣೆ, ಎಲೆ ಅಡಿಕೆಯ ಹರಿವಾಣ. ಹೊತ್ತು ಇದ್ದರೆ ಇದನ್ನೆಲ್ಲ ಬಿಡಿಸಿ ಬಿಡಿಸಿ ಹಾಡುವುದು, ಇಲ್ಲದಿದ್ದರೆ ಒಂದೇ ಸಾಲಿನಲ್ಲಿ ದಾಟುವುದು. ಮನೆಯಲ್ಲಿ ನೆಂಟರ ಲೆಕ್ಕ ನೋಡಿ ಸಾರು ಉದ್ದ ಮಾಡುತ್ತಾರಲ್ಲ, ಹಾಗೆ ಎಂದು ಹೇಳಬಹುದೇನೋ. ಆದರೆ ಇಲ್ಲಿ ಉದ್ದ ಮಾಡಿದರೆ ರುಚಿ ಕಡಿಮೆಯಾಗುವುದಿಲ್ಲ! ಹಾಡುಗಾರನ ಮನಸ್ಸಿನಲ್ಲಿರುವ ಈ ಸಾಮಗ್ರಿಗೆ ಹಾಂಕೊ ‘ಮನಸ್ಸಿನೊಳಗಿನ ಪಠ್ಯ’ ಎಂಬ ಅರ್ಥದ ಹೆಸರು ಕೊಟ್ಟರು. ಹಾಗಾಗಿ ಪ್ರತಿ ಸಲ ಹಾಡಿದಾಗಲೂ ಪಾಡ್ದನ ಹೊಸತಾಗಿ ಕಟ್ಟಲ್ಪಡುತ್ತದೆ. ‘ಅಜ್ಜಿ ನಿನ್ನೆ ಬೇರೆ ಹಾಡಿದ್ರು, ಇವತ್ತು ತಪ್ಪಿದ್ರು’ ಎಂದು ನಾವು ಹೇಳುವುದು ಸರಿಯಲ್ಲ. ಅಜ್ಜಿ ತಪ್ಪಿದ್ದಲ್ಲ, ಇವತ್ತಿನದ್ದನ್ನು ಇವತ್ತು ಕಟ್ಟಿದ್ದು.

ಆರು ದಿನದ ಹಾಡು ಪುಸ್ತಕವಾಗಲು ಸುಮಾರು ಎಂಟು ವರ್ಷ ಹಿಡಿಯಿತು. 1998ರಲ್ಲಿ ಹೆಲ್ಸಿಂಕಿಯಲ್ಲಿ ಎರಡು ಸಂಪುಟ ಅಚ್ಚಾದವು. ಒಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ ತುಳು, ಎದುರಿಗೆ ಇಂಗ್ಲಿಷ್ ಅನುವಾದ. ಮಾಚಾರಿನ ಹಾಡನ್ನು ಮಾಚಾರಿನವರೇ ಸುಲಭದಲ್ಲಿ ಓದುವ ಹಾಗಿಲ್ಲ, ಇದು ಒಂದು ಕೊರತೆ ಎಂದೇ ನನಗೆ ಅನಿಸುತ್ತದೆ. ಆದರೆ ಆ ಪುಸ್ತಕದಲ್ಲಿ ಇನ್ನೊಂದು ಸಂಗತಿ ಉಂಟು. ಹೆಸರಿನಲ್ಲೇ ‘ಗೋಪಾಲ ನಾಯ್ಕರು ಹಾಡಿದಂತೆ’ ಎಂದು ಬರೆದಿದ್ದಾರೆ. ಹಳೆಯ ಸಂಗ್ರಹಗಳನ್ನು ನಾವು ಇವತ್ತಿಗೂ ಬರ್ನೆಲರದ್ದು, ಮ್ಯಾನರರದ್ದು ಎನ್ನುತ್ತೇವೆ. ಅದನ್ನು ಅವರಿಗೆ ಹಾಡಿ ಹೇಳಿದವರು ಯಾರು ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಎ. ವಿ. ನಾವಡರು ಸಂಪಾದಿಸಿದ ಮತ್ತೊಂದು ಸಿರಿ ಪಾಡ್ದನದ ಪುಸ್ತಕಕ್ಕೆ ‘ರಾಮಕ್ಕ ಮುಗ್ಗೇರ್ತಿ ಕಟ್ಟಿದ ಸಿರಿ ಪಾಡ್ದನ’ ಎಂದೇ ಹೆಸರು. ‘ಹೇಳಿದ’ ಎಂದಿಲ್ಲ, ‘ಕಟ್ಟಿದ’ ಎಂದುಂಟು ನೋಡಿ. ಒಂದು ಕಾಲದಲ್ಲಿ ಜಾತಿಯ ಹೆಸರಿನಲ್ಲಿ ಅಂಗಳದ ಆಚೆಗೆ ನಿಲ್ಲಿಸಿದ ಜನರ ಬಾಯಲ್ಲೇ ಇಂಥ ಕಾವ್ಯಗಳು ಉಳಿದು ಬಂದದ್ದು. ಅವರನ್ನು ಕವಿ ಎಂದು ಕರೆಯಲು ಪುಸ್ತಕದವರಿಗೆ ನೂರು ವರ್ಷದ ಮೇಲೆ ಬೇಕಾಯಿತು.

ಈಗ ನಮ್ಮ ಕಡೆ ಗದ್ದೆಗಳು ಅಡಿಕೆ ತೋಟವಾಗಿವೆ. ಉಳಿದ ಕೆಲವು ಕಡೆ ನೇಜಿ ನೆಡಲು ಮಿಷನ್ ಬಂದಿದೆ. ಮಿಷನಿನ ಹಿಂದೆ ಯಾರೂ ಹಾಡುವುದಿಲ್ಲ. ನಾಟಿಯ ಹಾಡು ಗೊತ್ತಿದ್ದ ಹೆಂಗಸರಿಗೆ ಹಾಡಲು ಗದ್ದೆಯೂ ಇಲ್ಲ, ದನಿ ಸೇರಿಸುವವರೂ ಇಲ್ಲ. ಕೇಳಿದರೆ ‘ಅಯ್ಯೋ, ಮರೆತೇ ಹೋಯ್ತು ಮಗಾ’ ಅನ್ನುತ್ತಾರೆ. ಒಬ್ಬರೇ ಇರುವಾಗ ಕೇಳಬೇಡಿ. ಒಟ್ಟಿಗೆ ಕೆಲಸ ಮಾಡಿದ ಇಬ್ಬರು ಮೂವರು ಸೇರಿದಲ್ಲಿ, ಬೀಡಿ ಕಟ್ಟುತ್ತಲೋ ಅಡಿಕೆ ಸುಲಿಯುತ್ತಲೋ ಇರುವಾಗ ಕೇಳಿ. ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ಬರುತ್ತದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲು ಒಪ್ಪಿಗೆ ಕೇಳಿ. ದೈವದ ಸಂದಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಹಾಡಬಾರದು ಎಂದು ಅವರು ಹೇಳಿದರೆ ಒತ್ತಾಯ ಬೇಡ. ಕೇಳಿಸಿಕೊಂಡದ್ದನ್ನು ಅವರನ್ನು ಕೇಳದೆ ಯಾರಿಗೂ ಕಳಿಸಬೇಡಿ. ಹಾಡಿನ ನಡುವೆ ಅರ್ಥವಾಗದ ತುಳು ಶಬ್ದ ಬಂದರೆ ನಿಲ್ಲಿಸಬೇಡಿ, ಗುರುತು ಮಾಡಿಟ್ಟು ಆಮೇಲೆ ಕೇಳಿ. ಸ್ವಂತದ ಶಬ್ದ ಹಾಕಿ ಸರಿಮಾಡಲು ಹೋಗಬೇಡಿ. ಬರೆಯುವಾಗ ಹಾಳೆಯ ಮೇಲ್ಗಡೆ ಮೊದಲಿಗೆ ಹಾಡಿದವರ ಹೆಸರು, ಅವರು ಯಾರಿಂದ ಕಲಿತದ್ದು, ಎಲ್ಲಿ ಹಾಡುತ್ತಿದ್ದದ್ದು, ತಾರೀಕು. ನಿಮ್ಮ ಹೆಸರು ಕೆಳಗೆ ಸಣ್ಣದಾಗಿ ಸಾಕು. ತಂದುಕೊಟ್ಟವರ ಹಾಳೆ ಅಂಟಿಸಲು ಈ ಗೋಡೆಯಲ್ಲಿ ಬಲಗಡೆಯ ಜಾಗ ಖಾಲಿ ಬಿಟ್ಟಿದೆ.