ಹೆಗ್ಗೋಡಿನ ನಾಟಕ ಶಾಲೆಯನ್ನು ಕಂಡುಬಂದ ನಮ್ಮ ಮಕ್ಕಳು

ಹಳ್ಳಿಯಿಂದ ಪಟ್ಟಣಕ್ಕೆ ವಿದ್ಯೆಗಾಗಿ ಹೋಗುವುದು ನಮಗೆಲ್ಲ ತಿಳಿದ ದಾರಿ. ಈ ಪತ್ರಿಕೆಯನ್ನು ಓದುವ ನಮ್ಮಲ್ಲಿ ಬಹುಮಂದಿಯ ತಂದೆಯೋ ಅಜ್ಜನೋ ಆ ದಾರಿ ಹಿಡಿದೇ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ನಮ್ಮ ಸಂಘದಲ್ಲಿ ಇಂದಿಗೂ ಇದ್ದಾರೆ. ಆದರೆ ಪಟ್ಟಣದಲ್ಲಿ ಹುಟ್ಟಿ ಬೆಳೆದವರು ವಿದ್ಯೆಗಾಗಿ ಹಳ್ಳಿಗೆ ಹೋಗುವುದುಂಟೆ? ಕಳೆದ ಮಳೆಗಾಲದ ಆರಂಭದಲ್ಲಿ ಸಂಘದ ಮೂರು ಮನೆಗಳಲ್ಲಿ ಈ ಪ್ರಶ್ನೆ ಎದ್ದಿತು. ಮೂರೂ ಮನೆಗಳಲ್ಲಿ ಅದು ಬರಿಯ ಚರ್ಚೆಯ ಪ್ರಶ್ನೆಯಾಗಿರಲಿಲ್ಲ. ಒಂದು ವಾರದೊಳಗೆ ಹೌದೆಂದೋ ಅಲ್ಲವೆಂದೋ ಹೇಳಲೇಬೇಕಾಗಿತ್ತು.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ನಾಟಕ ಕಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಅಲ್ಲಿ ದೊರೆಯುತ್ತದೆ. ನಮ್ಮ ಸಂಘದ ವಾರ್ಷಿಕೋತ್ಸವದ ನಾಟಕಗಳಲ್ಲಿ ಬಣ್ಣ ಹಚ್ಚಿದ ಮೂವರು ತರುಣರು ಅಲ್ಲಿಗೆ ಆಯ್ಕೆಯಾದರು. ಒಬ್ಬಳು ಡೊಂಬಿವಿಲಿಯ ಧಾರವಾಡದವರ ಮಗಳು, ಬಿ.ಕಾಂ. ಮುಗಿಸಿದವಳು. ಒಬ್ಬನು ಘಾಟ್‌ಕೋಪರದಲ್ಲಿ ಕ್ಯಾಂಟೀನು ನಡೆಸುವವರ ಮಗ, ಮನೆಮಾತು ತುಳು. ಮೂರನೆಯವನು ಚೆಂಬೂರಿನ ಮೈಸೂರು ಕಡೆಯ ಮನೆತನದವನು, ಇಂಜಿನಿಯರಿಂಗ್ ಮಾಡಿ ಒಂದು ಕಂಪೆನಿಯಲ್ಲಿ ಎರಡು ವರ್ಷ ಕೆಲಸವನ್ನೂ ಮಾಡಿದವನು. ಸೇರುವ ಮೊದಲು ಒಮ್ಮೆ ಜಾಗವನ್ನು ನಿಧಾನವಾಗಿ ನೋಡಿಬನ್ನಿರೆಂದು ಹಿರಿಯರು ಹೇಳಿದ್ದರಿಂದ ಮೂವರೂ ಒಟ್ಟಾಗಿ ಹೊರಟರು. ಹುಡುಗಿಯ ತಾಯಿಯೂ ಕ್ಯಾಂಟೀನಿನ ಯಜಮಾನರೂ ಜೊತೆಗೆ ಹೋದರು. ಹಿಂದಿರುಗಿದ ಮೇಲೆ ಒಂದು ಭಾನುವಾರ ಸಂಜೆ ಸಂಘದ ಕೋಣೆಯಲ್ಲಿ ಅವರು ಹೇಳಿದ್ದನ್ನು ಕೇಳಿ, ಕಚೇರಿಯಲ್ಲಿ ಟಿಪ್ಪಣಿ ಬರೆದು ರೂಢಿಯಾದ ಕೈಯಿಂದ ಇಲ್ಲಿ ಬರೆದಿಟ್ಟಿದ್ದೇನೆ. ನಮ್ಮ ಇತರ ಮನೆಗಳಿಗೂ ಇದು ಉಪಯೋಗವಾದೀತು.

ಸಂಘ ಹುಟ್ಟಿದ ಬಗೆ

ಮೊದಲು ಆ ಸಂಸ್ಥೆಯ ಪರಿಚಯ. ನೀನಾಸಂ ಎಂಬುದು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂಬ ಉದ್ದ ಹೆಸರಿನ ಗಿಡ್ಡ ರೂಪ. 1949ರಲ್ಲಿ ಹೆಗ್ಗೋಡಿನ ಸುತ್ತಿನ ಅಡಿಕೆ ಬೆಳೆಗಾರರ ಮನೆಯ ಹುಡುಗರು ಸೇರಿ ಇದನ್ನು ಕಟ್ಟಿದರು. ನಮ್ಮ ಸಂಘವೂ ಹೀಗೆಯೇ ನಾಲ್ಕು ಮಂದಿಯ ನಾಟಕದ ಹುಚ್ಚಿನಿಂದ ಹುಟ್ಟಿದ್ದಲ್ಲವೆ? ಆ ಹುಡುಗರಲ್ಲಿ ಒಬ್ಬರು ಕೆ. ವಿ. ಸುಬ್ಬಣ್ಣ. ಆಗ ಅವರಿಗೆ ಇನ್ನೂ ಹದಿನೇಳು ವರ್ಷ. ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದ ಅವರು ಪಟ್ಟಣದ ಉದ್ಯೋಗವನ್ನು ಹುಡುಕದೆ ಊರಿಗೆ ಮರಳಿ ತೋಟವನ್ನೂ ಸಂಘವನ್ನೂ ನೋಡಿಕೊಂಡರು. 1957ರಲ್ಲಿ ಅಕ್ಷರ ಪ್ರಕಾಶನವನ್ನು ಆರಂಭಿಸಿ ಹಳ್ಳಿಯಿಂದಲೇ ಪುಸ್ತಕಗಳನ್ನು ಹೊರತಂದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1973ರಲ್ಲಿ ಚಿತ್ರಸಮಾಜ ಆರಂಭವಾಗಿ, ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದ ಜನ ಕುಳಿತು ನೋಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರವೂ, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡವೂ ಹುಟ್ಟಿದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2005ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ನಿಲ್ಲಲಿಲ್ಲ.

ಇಷ್ಟೆಲ್ಲ ನಡೆದರೂ ಹೆಗ್ಗೋಡು ಹಳ್ಳಿಯಾಗಿಯೇ ಉಳಿದಿದೆ. ನಮ್ಮ ಮಕ್ಕಳ ಮೇಲೆ ಮೊದಲು ಪರಿಣಾಮ ಮಾಡಿದ್ದೂ ಅದೇ.

ಕಂಡದ್ದು, ಕೇಳಿದ್ದು

ಅವರು ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕೆ ಹೋಗಿ, ಅಲ್ಲಿಂದ ಗೇರುಸೊಪ್ಪೆಯ ಘಟ್ಟವನ್ನು ಬಸ್ಸಿನಲ್ಲಿ ಹತ್ತಿ, ಜೋಗದ ಬಳಿಯಿಂದ ತಾಳಗುಪ್ಪದ ಮೇಲೆ ಸಾಗರಕ್ಕೆ ಬಂದರು. ಸಾಗರದಿಂದ ಹೆಗ್ಗೋಡಿಗೆ ಹತ್ತು ಕಿಲೋಮೀಟರಿನ ಆಸುಪಾಸು. ಘಟ್ಟದ ಉದ್ದಕ್ಕೂ ಮಳೆ. ಮುಂಬಯಿಯ ಮಳೆಯನ್ನು ಕಂಡ ನಮಗೇನು ಮಳೆ ಹೊಸದೇ ಎಂದು ಹೊರಟವರು ಮಲೆನಾಡಿನ ಮಳೆಯೇ ಬೇರೆ ಎಂದು ಒಪ್ಪಿಕೊಂಡರು. ನಮ್ಮಲ್ಲಿ ಮಳೆ ಬಂದರೆ ಲೋಕಲ್ ರೈಲು ನಿಲ್ಲುತ್ತದೆ. ಅಲ್ಲಿ ಯಾವ ಕೆಲಸವೂ ನಿಂತಂತೆ ಕಾಣಲಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡವರು ಗದ್ದೆಗೆ ಇಳಿದಿದ್ದರು. ಮಳೆ ಬಿಟ್ಟ ಗಳಿಗೆಯನ್ನು ನೋಡಿ ಅಡಿಕೆ ಗೊನೆಗಳಿಗೆ ಬೋರ್ಡೋ ಮದ್ದು ಹೊಡೆಯುತ್ತಿದ್ದರು. ಕೊಳೆರೋಗ ಬಂದರೆ ಇಡೀ ವರ್ಷದ ಬೆಳೆ ನೆಲಕ್ಕೆ ಉದುರುತ್ತದೆಯೆಂದು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ವಿವರಿಸಿದರಂತೆ. ದಾರಿ ತಪ್ಪಿ ತೋಟದೊಳಗೆ ನಡೆದ ಇಂಜಿನಿಯರ್ ಹುಡುಗನ ಕಾಲಿಗೆ ಎರಡು ಉಂಬಳ ಹತ್ತಿದವು. ಅದನ್ನು ಅವನಿಗಿಂತ ಉಳಿದವರೇ ಹೆಚ್ಚು ಸಂತೋಷದಿಂದ ಹೇಳಿದರು.

ಕಾಲೇಜು ಎಂದ ಮೇಲೆ ದೊಡ್ಡ ಹೆಬ್ಬಾಗಿಲು, ನಾಲ್ಕು ಮಹಡಿಯ ಕಟ್ಟಡ, ಗೋಡೆಯ ಮೇಲೆ ಗಣ್ಯರ ಹೆಸರು ಕೆತ್ತಿದ ಕಲ್ಲು ಇರಬೇಕೆಂದು ಹುಡುಗಿಯ ತಾಯಿ ಎಣಿಸಿದ್ದರು. ಅಲ್ಲಿ ಅಂಥದು ಕಾಣದೆ, ಮಗಳನ್ನು ಪಕ್ಕಕ್ಕೆ ಕರೆದು ಕೇಳಿಯೇ ಬಿಟ್ಟರು: “ಅಲ್ಲಾ ತಂಗಿ, ನಾಕು ಮಂದಿ ಓಡಾಡದ ಊರಾಗ ನೀ ಏನ್ ಕಲೀತಿ? ನಾಟಕ ಮಾಡಿದ್ರ ನೋಡಾಕ ಬರೋರ್ ಯಾರು?”

ಈ ಎರಡನೆಯ ಪ್ರಶ್ನೆಗೆ ಉತ್ತರ ಚಹಾದಂಗಡಿಯಲ್ಲಿ ಸಿಕ್ಕಿತು. ಅಲ್ಲಿ ಕುಳಿತಿದ್ದ ವಯಸ್ಸಾದ ಕೃಷಿಕರೊಬ್ಬರು, “ಎಲ್ಲಿಂದ ಬಂದದ್ದು ನೀವು? ನಾಟಕದ ಶಾಲೆಗಾ?” ಎಂದು ಮಾತಿಗೆ ಎಳೆದರು. ಹೌದೆಂದಾಗ, ನೀವು ಮುಂಬಯಿಯಲ್ಲಿ ಯಾವ ಯಾವ ನಾಟಕ ನೋಡಿದ್ದೀರಿ ಎಂದು ಕೇಳಿದರು. ಹುಡುಗರು ಮೂರು ನಾಲ್ಕು ಹೆಸರು ಹೇಳುವಷ್ಟರಲ್ಲಿ ತಡವರಿಸಿದರು. ಆ ಮುದುಕರು ಕಾಳಿದಾಸ, ಷೇಕ್ಸ್‌ಪಿಯರ್, ಬ್ರೆಖ್ಟ್ ಎಂದು ತಾವು ಕಂಡ ನಾಟಕಗಳನ್ನು, ನೆಂಟರ ಮನೆಯ ಮದುವೆಗಳನ್ನು ನೆನೆಯುವಂತೆ, ಒಂದೊಂದಾಗಿ ನೆನೆದರು. ಅದರಲ್ಲಿ ಒಂದು ತಮಗೆ ಚೂರೂ ಹಿಡಿಸಲಿಲ್ಲವೆಂದೂ ಸೇರಿಸಿದರು. ತಾಯಿ ಮಾತನಾಡದೆ ಚಹಾ ಮುಗಿಸಿದರು. ನೋಡಿ ನೋಡಿ ಬಲ್ಲವರಾದ, ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲವೆಂದು ಹೇಳುವ ಪ್ರೇಕ್ಷಕರು ಊರಿನಲ್ಲಿಯೇ ಇರುವುದು ನಾಟಕ ಕಲಿಯುವವರಿಗೆ ಎಷ್ಟು ದೊಡ್ಡ ಸೌಕರ್ಯವೆಂದು ಹುಡುಗಿಗೆ ಆಗ ಹೊಳೆಯಿತಂತೆ.

ತುಳು ಮನೆಯ ಹುಡುಗನನ್ನು ಸೆಳೆದದ್ದು ಅಲ್ಲಿಯ ಮಾತು. ಅವನ ಕನ್ನಡ ಸಂಘದಲ್ಲಿ ಕಲಿತ ಕನ್ನಡ. ನಾಟಕದ ಸಂಭಾಷಣೆಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವವನು. ತನ್ನ ಮಾತಿಗೆ ನಗುವರೋ ಏನೋ ಎಂಬ ಅಳುಕು ಅವನಿಗಿತ್ತು. ಆದರೆ ಸೇರಲು ಬಂದವರಲ್ಲಿ ಬೀದರಿನ ಕಡೆಯವನೊಬ್ಬ, ಚಾಮರಾಜನಗರದ ಕಡೆಯವನೊಬ್ಬ, ಕರಾವಳಿಯವಳೊಬ್ಬಳು ಇದ್ದರು. ಊರಿನ ಮನೆಗಳಲ್ಲಿ ಹವ್ಯಕರ ಮಾತು ಕೇಳಿಬರುತ್ತಿತ್ತು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿದು ಅರ್ಧ ತಿಳಿಯದೆ, ಎಲ್ಲರೂ ಎಲ್ಲರನ್ನೂ “ಏನಂದಿರಿ?” ಎಂದು ಕೇಳುವವರೇ. ತಪ್ಪು ಕನ್ನಡ ತನ್ನೊಬ್ಬನದೇ ಎಂದುಕೊಂಡಿದ್ದವನಿಗೆ ಕನ್ನಡವೇ ಇಷ್ಟು ಬಗೆಯದೆಂದು ತಿಳಿದು ಧೈರ್ಯ ಬಂದಿತು. ಆದರೂ ಒಂದು ಕಷ್ಟ ಉಳಿಯಿತು. ಪಾಠವೆಲ್ಲ ಕನ್ನಡದಲ್ಲಿ, ಓದಬೇಕಾದ ಪುಸ್ತಕಗಳೂ ಬಹುಪಾಲು ಕನ್ನಡದವು. ಗ್ರಂಥಾಲಯದಲ್ಲಿ ಒಂದು ಪುಸ್ತಕವನ್ನು ತೆಗೆದು ಓದಲು ಕುಳಿತರೆ ಅರ್ಧ ಗಂಟೆಯಲ್ಲಿ ಎರಡು ಪುಟ ಸಾಗಿತಂತೆ.

ಇಂಜಿನಿಯರ್ ಹುಡುಗನ ಅನುಭವ ಬೇರೆ. ಅಭಿನಯ, ರಂಗಸಂಗೀತ, ನಾಟಕ ಸಾಹಿತ್ಯ, ಪ್ರಸಾಧನ, ಬೆಳಕು, ರಂಗಸಜ್ಜಿಕೆ, ಜೊತೆಗೆ ಯಕ್ಷಗಾನದಂಥ ನಮ್ಮ ನಾಡಿನ ಪ್ರಕಾರಗಳ ಪರಿಚಯ, ಹೀಗೆ ಕಲಿಕೆಯ ಪಟ್ಟಿ ದೊಡ್ಡದು. ಅವನ ಮನಸ್ಸು ಮಾತ್ರ ಸಂಜೆ ಏಳರ ಮೇಲಿನ ಕತ್ತಲೆಯಲ್ಲಿ ಸಿಕ್ಕಿಕೊಂಡಿತು. ಮಳೆಯ ಸದ್ದು, ಜೀರುಂಡೆಯ ಸದ್ದು, ಅದನ್ನು ಬಿಟ್ಟರೆ ಏನೂ ಇಲ್ಲ. ಸಿನೆಮಾ ಮಂದಿರವಿಲ್ಲ, ತಿರುಗಾಡಲು ಪೇಟೆಯಿಲ್ಲ. “ಮೊದಲನೆಯ ರಾತ್ರಿ ಹೆದರಿಕೆಯಾಯಿತು, ಎರಡನೆಯ ರಾತ್ರಿ ಬೇಸರವಾಯಿತು. ಮೂರನೆಯ ರಾತ್ರಿ ಏನಾಗುತ್ತಿತ್ತೋ, ಅಷ್ಟರಲ್ಲಿ ಹೊರಟುಬಂದೆವು” ಎಂದು ಅವನು ಹೇಳಿದಾಗ ಸಭೆ ನಕ್ಕಿತು. ಅವನು ನಗಲಿಲ್ಲ.

ಮರುದಿನ ಅವರು ಹತ್ತಿರದ ಭೀಮನಕೋಣೆಗೂ ಹೋಗಿಬಂದರು. ರಂಗನಿರ್ದೇಶಕ ಪ್ರಸನ್ನ ಅವರು ಕಟ್ಟಿದ ‘ಚರಕ’ ಎಂಬ ಮಹಿಳೆಯರ ಸಹಕಾರ ಸಂಘ ಅಲ್ಲಿದೆ. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ಬಟ್ಟೆ ನೇಯ್ದು ನೈಸರ್ಗಿಕ ಬಣ್ಣ ಹಾಕುತ್ತಾರೆ. ಅಡಿಕೆಯ ಚೊಗರಿನಿಂದಲೂ ಬಣ್ಣ ಬರುತ್ತದೆಂದು ತಿಳಿದು ಧಾರವಾಡದ ತಾಯಿ ಬೆರಗಾದರು. ನಾಟಕದವರು ಮಗ್ಗವನ್ನೂ ಹಾಕಿಸಬಲ್ಲರೆಂಬುದು ಅವರಿಗೆ ಆ ಶಾಲೆಯ ಬಗೆಗೆ ಸಮಾಧಾನ ತಂದ ಎರಡನೆಯ ಸಂಗತಿ.

ಹೊಟ್ಟೆಪಾಡಿನ ಮಾತು

ಇನ್ನು ಎಲ್ಲ ತಂದೆತಾಯಿಗಳ ಮನಸ್ಸಿನಲ್ಲಿರುವ ಪ್ರಶ್ನೆ. ಕ್ಯಾಂಟೀನಿನ ಯಜಮಾನರು ಅದನ್ನು ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಇಟ್ಟರು: “ನೋಡಿ ಮಾರಾಯ್ರೆ, ಜಾಗ ಒಳ್ಳೇದುಂಟು, ಜನ ಒಳ್ಳೆಯವರು. ಅದಕ್ಕೆ ನಾನು ಎದುರು ಹೇಳುವುದಿಲ್ಲ. ಒಂದು ವರ್ಷ ಕಳೆದ ಮೇಲೆ ಇವ ಊಟಕ್ಕೆ ಏನು ಮಾಡ್ತಾನೆ, ಅದನ್ನು ಹೇಳಿ.”

ಇದಕ್ಕೆ ಸಿಹಿಯಾದ ಉತ್ತರ ಕೊಡುವುದು ಸುಲಭ. ಅಚ್ಯುತ್ ಕುಮಾರ್, ನೀನಾಸಂ ಸತೀಶ್ ಅವರಂಥ ನಟರು ಅಲ್ಲಿ ಕಲಿತವರೆಂದು ಹೇಳಿದರೆ ಸಾಕು, ಮಕ್ಕಳ ಮುಖ ಅರಳುತ್ತದೆ. ಮೈಸೂರಿನಲ್ಲಿ ‘ನಟನ’ ಸಂಸ್ಥೆಯನ್ನು ಕಟ್ಟಿದ ಮಂಡ್ಯ ರಮೇಶರೂ ಅಲ್ಲಿಯವರೇ. ಆದರೆ 1980ರಿಂದ ಅಲ್ಲಿ ಕಲಿತು ಹೊರಬಂದವರೆಲ್ಲ ತೆರೆಯ ಮೇಲೆ ಕಾಣುವವರಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುವವರು, ತಮ್ಮ ಊರಿನಲ್ಲಿ ತಂಡ ಕಟ್ಟಿದವರು, ಬೆಳಕು ಮತ್ತು ರಂಗಸಜ್ಜಿಕೆಯ ಕೆಲಸ ಹಿಡಿದವರು, ಬೇರೆ ಉದ್ಯೋಗಕ್ಕೆ ಮರಳಿ ಬಿಡುವಿನಲ್ಲಿ ನಾಟಕ ಮಾಡುವವರು, ಎಲ್ಲರೂ ಉಂಟು. ಕೆಲವರಿಗೆ ‘ತಿರುಗಾಟ’ದಲ್ಲಿ ಅವಕಾಶ ಸಿಗುತ್ತದೆ. ಅದು ಊರೂರು ಸುತ್ತಿ, ರಂಗವನ್ನು ತಾವೇ ಕಟ್ಟಿ, ಆಡಿ, ತಾವೇ ಬಿಚ್ಚಿ ಮುಂದಿನ ಊರಿಗೆ ಹೊರಡುವ ಕಷ್ಟದ ಬದುಕು. ಇನ್ನೂ ಓದುವವರು 1959ರಲ್ಲಿ ಸ್ಥಾಪನೆಯಾದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಪ್ರಯತ್ನಿಸಬಹುದು. ಅದು ಮೂರು ವರ್ಷದ್ದು, ಅದಕ್ಕೆ ಪದವಿಯೂ ರಂಗದ ಅನುಭವವೂ ಬೇಕು. ಒಟ್ಟಿನಲ್ಲಿ, ಈ ಡಿಪ್ಲೊಮಾ ಕೈಯಲ್ಲಿ ಹಿಡಿದವನಿಗೆ ನೌಕರಿ ಕಾದು ಕುಳಿತಿರುತ್ತದೆಯೆಂದು ಯಾರೂ ಮಾತು ಕೊಡಲಾರರು. ಸರಕಾರಿ ಕಚೇರಿಯಲ್ಲಿ ತಿಂಗಳ ಕೊನೆಗೆ ತಪ್ಪದೆ ಸಂಬಳ ಎಣಿಸುವ ನಾನು ಈ ಮಾತನ್ನು ಹಗುರವಾಗಿ ಆಡುವುದು ತರವಲ್ಲ. ಆದರೆ ನಾಲ್ಕು ವರ್ಷ ಓದಿದ ಇಂಜಿನಿಯರಿಗೂ ಇಂದು ಅಂಥ ಮಾತು ಕೊಡುವವರಿಲ್ಲವೆಂಬುದನ್ನೂ ತಂದೆತಾಯಿಗಳು ಬಲ್ಲರು.

ಮೂವರೂ ಕಂಡುಕೊಂಡ ದಾರಿ

ಇಂಜಿನಿಯರ್ ಹುಡುಗ ಹೋಗಲಿಲ್ಲ. ನಾಟಕ ತನಗೆ ಬೇಕು, ಆದರೆ ತನಗೆ ಬೇಕಾದ ನಾಟಕ ಕೆಲಸದ ನಂತರದ ಸಂಜೆಯ ನಾಟಕ ಎಂದು ಅಲ್ಲಿಗೆ ಹೋದ ಮೇಲೆಯೇ ತನಗೆ ಗೊತ್ತಾಯಿತೆಂದು ಅವನು ಹೇಳಿದನು. ಅವನನ್ನು ಯಾರೂ ಹಳಿಯಬೇಕಾಗಿಲ್ಲ. ನಮ್ಮ ಸಂಘದ ನಾಟಕಗಳು ಇಷ್ಟು ವರ್ಷ ನಡೆದದ್ದು ಅಂಥವರಿಂದಲೇ.

ಧಾರವಾಡದವರ ಮಗಳು ಹೋದಳು. ಒಂದು ಬ್ಯಾಂಕಿನ ಪರೀಕ್ಷೆಯನ್ನು ಮುಂದಿನ ವರ್ಷಕ್ಕೆ ಬಿಟ್ಟಳು. ತಾಯಿ ಒಪ್ಪಿದ್ದು ಒಂದು ಷರತ್ತಿನ ಮೇಲೆ: ವರ್ಷ ಮುಗಿದ ಮೇಲೆ ಪರೀಕ್ಷೆಗೆ ಕೂರಬೇಕು, ಆಮೇಲೆ ಏನು ಮಾಡಿದರೂ ಅವಳ ಇಷ್ಟ. ತುಳು ಹುಡುಗನೂ ಹೋದನು. ಅವನ ತಂದೆ ಕೊನೆಯವರೆಗೂ “ಹೂಂ” ಎನ್ನಲಿಲ್ಲ, “ಬೇಡ” ಎನ್ನಲೂ ಇಲ್ಲ. ಹೊರಡುವ ದಿನ ರೈಲ್ವೆ ನಿಲ್ದಾಣಕ್ಕೆ ಬಂದು ಮಗನ ಕೈಯಲ್ಲಿ ಒಂದು ಒಳ್ಳೆಯ ರೈನ್‌ಕೋಟನ್ನೂ, ಒಂದನೆಯ ತರಗತಿಯಿಂದ ನಾಲ್ಕನೆಯ ತರಗತಿಯವರೆಗಿನ ಕನ್ನಡ ಪಠ್ಯಪುಸ್ತಕಗಳನ್ನೂ ಇಟ್ಟರು. ಇವರಿಬ್ಬರ ವರ್ಷ ಏನಾಗುವುದೋ ಮುಂದೆ ಅವರೇ ಈ ಪುಟಗಳಲ್ಲಿ ಬರೆಯುವರೆಂದು ನಂಬಿದ್ದೇನೆ.

ನಮ್ಮ ಮನೆಗಳಲ್ಲಿ ಇಂಥ ಆಸೆಯ ಮಕ್ಕಳಿದ್ದರೆ ಅವರಿಗೂ ಹಿರಿಯರಿಗೂ ಮೂರು ಮಾತು. ಒಂದು, ಸೇರುವ ಮುಂಚೆ ಜಾಗವನ್ನು ನೋಡಿಬನ್ನಿ. ಎರಡು ರಾತ್ರಿಯಾದರೂ ಉಳಿಯಿರಿ. ಹಗಲಿನ ಹಳ್ಳಿ ಎಲ್ಲರಿಗೂ ಚೆಂದ. ಎರಡು, ವರ್ಷಪೂರ್ತಿ ಕಲಿಯಲು ಮನಸ್ಸಿಲ್ಲದವರಿಗೆ ಅಕ್ಟೋಬರ್ ತಿಂಗಳಲ್ಲಿ ಹೆಗ್ಗೋಡಿನಲ್ಲಿ ನಡೆಯುವ ಸಂಸ್ಕೃತಿ ಶಿಬಿರವಿದೆ. ಅನಂತಮೂರ್ತಿಯವರಂಥ ಲೇಖಕರು ಬಂದು ಕುಳಿತು ಚರ್ಚಿಸಿದ ಶಿಬಿರ ಅದು. ದಸರೆಯ ರಜೆಗೆ ಊರಿಗೆ ಹೋಗುವವರು ವಿಚಾರಿಸಿ ನೋಡಬಹುದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಮಕ್ಕಳಿಗೆ ಕನ್ನಡ ಮಾತನಾಡಲು ಬಂದರೆ ಸಾಕೆಂದು ನಾವು ತೃಪ್ತರಾಗಿದ್ದೇವೆ. ಓದಲು ಬಾರದಿದ್ದರೆ ಹೆಗ್ಗೋಡಿನಂಥ ಕಡೆ ಬಾಗಿಲು ತೆರೆದಿದ್ದರೂ ಅವರು ಹೊಸ್ತಿಲಲ್ಲೇ ತಡೆಯಬೇಕಾಗುತ್ತದೆ. ಸಂಘದ ಕನ್ನಡ ತರಗತಿ ಪ್ರತಿ ಶನಿವಾರ ಸಂಜೆ ಐದಕ್ಕೆ ನಡೆಯುತ್ತದೆ. ಸದ್ಯ ಅದರಲ್ಲಿ ಹನ್ನೊಂದು ಮಕ್ಕಳಿದ್ದಾರೆ; ಕೋಣೆಯಲ್ಲಿ ಮೂವತ್ತು ಮಂದಿ ಕುಳಿತುಕೊಳ್ಳಬಹುದು.