ಬಿದಿರೆಲೆಯ ಎಣ್ಣೆ: ಹೆಸರು ಕಷಾಯದ್ದು, ವ್ಯಾಪಾರ ಬಾಟಲಿಯದ್ದು

ಹೋದ ಮಳೆಗಾಲದಲ್ಲಿ ಯಲ್ಲಾಪುರದ ಕಡೆ ಇರುವ ನನ್ನ ಸೋದರಮಾವ ಫೋನ್ ಮಾಡಿದ್ದರು. ಅವರ ಅಡಿಕೆ ತೋಟದ ಅಂಚಿನಲ್ಲಿ ಒಂದಷ್ಟು ಬಿದಿರು ಮೆಳೆಗಳಿವೆ. ಯಾವುದೋ ಕಂಪನಿಯವರು ಊರಿಗೆ ಬಂದು ಸಭೆ ಮಾಡಿದ್ದರಂತೆ. 'ಬಿದಿರಿನ ಎಲೆಯಿಂದ ಎಣ್ಣೆ ತೆಗೆಯುವ ಯಂತ್ರ ನಾವು ಕೊಡ್ತೀವಿ, ಎರಡೂವರೆ ಲಕ್ಷ ಮುಂಗಡ ಕಟ್ಟಿ, ಎಣ್ಣೆ ಎಷ್ಟು ಬಂದ್ರೂ ನಾವೇ ಕೊಳ್ತೀವಿ' ಅಂದರಂತೆ. ಜೊತೆಗೆ ಒಂದು ಬಣ್ಣದ ಕರಪತ್ರ. ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್, ಚರ್ಮರೋಗ, ಎಲ್ಲಕ್ಕೂ ಬಿದಿರೆಲೆ ಎಣ್ಣೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ವಿಜ್ಞಾನಿಗಳಿಂದ ಸಾಬೀತು'.

"ನೀನು ಕೆಮಿಸ್ಟ್ರಿ ಓದಿದವಳಲ್ವೇನೇ? ಇದು ನಿಜವೋ ಸುಳ್ಳೋ ನೋಡಿ ಹೇಳು" ಅಂದರು ಮಾವ.

ಒಂದೇ ಮಾತಿನಲ್ಲಿ ಉತ್ತರ ಹೇಳೋಕೆ ನನಗೆ ಆಗಲಿಲ್ಲ. ಯಾಕೆಂದರೆ ಕರಪತ್ರದಲ್ಲಿದ್ದ ಹಲವು ವಾಕ್ಯಗಳ ಹಿಂದೆ ಎಲ್ಲೋ ಒಂದು ನಿಜವಾದ ಸಂಶೋಧನೆ ಇದೆ. ಆದರೆ ಆ ಸಂಶೋಧನೆ ನಡೆದದ್ದು ಯಾವುದರ ಮೇಲೆ ಅನ್ನೋದನ್ನು ಕರಪತ್ರ ಹೇಳುವುದಿಲ್ಲ. ಮೋಸ ಇರುವುದು ಅಲ್ಲಿ.

ಎಣ್ಣೆ ಅಂದರೆ ಯಾವ ಎಣ್ಣೆ?

ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ನಮಗೆ ಗೊತ್ತು. ಕಾಳನ್ನು ಗಾಣಕ್ಕೆ ಹಾಕಿ ಹಿಂಡಿದರೆ ಬರುವ ಕೊಬ್ಬು ಅದು. ಸುಗಂಧ ತೈಲ ಅಥವಾ ಎಸೆನ್ಶಿಯಲ್ ಆಯಿಲ್ ಹಾಗಲ್ಲ. ಗಿಡದೊಳಗಿನ ಆವಿಯಾಗಬಲ್ಲ ಸಣ್ಣ ಸಣ್ಣ ಅಣುಗಳ ಮಿಶ್ರಣ ಅದು. ಎಲೆಗಳ ನಡುವೆ ನೀರಿನ ಹಬೆ ಹಾಯಿಸಿದಾಗ ಈ ಅಣುಗಳು ಹಬೆಯ ಜೊತೆ ಮೇಲೇರುತ್ತವೆ. ಹಬೆಯನ್ನು ತಣಿಸಿದರೆ ನೀರಿನ ಮೇಲೆ ತೆಳುವಾಗಿ ಎಣ್ಣೆ ತೇಲುತ್ತದೆ. ಗಿಡದಲ್ಲಿ ಏನೇನಿದೆಯೋ ಎಲ್ಲವೂ ಇದರಲ್ಲಿ ಬರುವುದಿಲ್ಲ, ಹಬೆಯ ಜೊತೆ ಹಾರಬಲ್ಲದ್ದು ಮಾತ್ರ ಬರುತ್ತದೆ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿದಿರು ಮರವಲ್ಲ, ಹುಲ್ಲು. ನಿಂಬೆಹುಲ್ಲು, ಲಾವಂಚ ಕೂಡ ಇದೇ ಹುಲ್ಲಿನ ಕುಟುಂಬದವು. ಅವುಗಳಿಂದ ಎಣ್ಣೆ ತೆಗೆಯುವುದು ಹಳೆಯ ಉದ್ಯಮ. 'ಅಣ್ಣತಮ್ಮಂದಿರು ಎಣ್ಣೆ ಕೊಡುವಾಗ ಬಿದಿರು ಯಾಕೆ ಕೊಡಲ್ಲ?' ಅಂತ ಕಂಪನಿಯವರು ಸಭೆಯಲ್ಲಿ ಕೇಳಿದ್ದರಂತೆ. ಕೇಳೋಕೆ ಚೆನ್ನಾಗಿದೆ. ಆದರೆ ನಿಂಬೆಹುಲ್ಲಿನ ಎಲೆಯಲ್ಲಿ ಎಣ್ಣೆಯನ್ನು ಕೂಡಿಟ್ಟುಕೊಳ್ಳುವುದಕ್ಕೇ ಇರುವ ಕೋಶಗಳಿವೆ. ಅದಕ್ಕೇ ಎಲೆ ಉಜ್ಜಿದ ತಕ್ಷಣ ಘಮ್ಮೆನ್ನುತ್ತದೆ. ನೂರು ಕಿಲೋ ಹುಲ್ಲು ಹಾಕಿದರೆ ಸುಮಾರು ಮುನ್ನೂರರಿಂದ ಐನೂರು ಗ್ರಾಂ ಎಣ್ಣೆ ಸಿಗುತ್ತದೆ. ಬಿದಿರೆಲೆಯನ್ನು ಉಜ್ಜಿ ನೋಡಿ, ಹಸಿ ಹುಲ್ಲಿನ ವಾಸನೆ ಬಿಟ್ಟರೆ ಏನೂ ಇಲ್ಲ. ಅದಕ್ಕೆ ಎಣ್ಣೆಯ ಉಗ್ರಾಣವೇ ಇಲ್ಲ.

ಪ್ರಯೋಗಾಲಯದಲ್ಲಿ ಬಿದಿರೆಲೆ ಎಣ್ಣೆಯ ಅಧ್ಯಯನ ನಡೆಯುವುದು ಹನಿಗಳ ಲೆಕ್ಕದಲ್ಲಿ. ಒಂದು ಲೇಖನ ಬರೆಯಲು ಅಷ್ಟು ಸಾಕು, ಸಂಸಾರ ನಡೆಸಲು ಸಾಲದು. ಮಾರುಕಟ್ಟೆಯ ಮೇಣದಬತ್ತಿ, ಶಾಂಪೂಗಳ ಮೇಲೆ 'ಬಿದಿರಿನ ಪರಿಮಳ' ಅಂತ ಬರೆದಿರುತ್ತಲ್ಲ, ಅದು ಸಾಮಾನ್ಯವಾಗಿ ಪರಿಮಳ ತಯಾರಕರು ಬೇರೆ ಬೇರೆ ರಾಸಾಯನಿಕಗಳನ್ನು ಬೆರೆಸಿ ಕಟ್ಟಿದ ಕಲ್ಪನೆ.

ಆ ಹನಿಗಳಲ್ಲಿ ಏನಿದೆ?

ಇಲ್ಲಿ ವಿಷಯ ನಿಜಕ್ಕೂ ಸ್ವಾರಸ್ಯವಾಗಿದೆ. ಜಿಸಿ-ಎಂಎಸ್ ಎಂಬ ಯಂತ್ರ ಎಣ್ಣೆಯೊಳಗಿನ ಅಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಗುರುತಿಸುತ್ತದೆ. ಬಿದಿರೆಲೆ ಎಣ್ಣೆಯಲ್ಲಿ ಮುಖ್ಯವಾಗಿ ಮೂರು ಗುಂಪುಗಳು ಕಾಣುತ್ತವೆ.

ಮೊದಲನೆಯದು ಹಸಿರು ವಾಸನೆಯ ಗುಂಪು: ಹೆಕ್ಸೆನಾಲ್, ಹೆಕ್ಸೆನಾಲ್‌ಡಿಹೈಡ್‌ಗಳು. ಹುಲ್ಲು ಕೊಯ್ದಾಗ ಮೂಗಿಗೆ ಬಡಿಯುವ ವಾಸನೆ ಇವುಗಳದ್ದೇ. ಎಲೆಗೆ ಗಾಯವಾದ ಕೂಡಲೇ ಅದರೊಳಗಿನ ಲಿನೊಲೆನಿಕ್ ಆಮ್ಲವನ್ನು ಕಿಣ್ವಗಳು ತುಂಡರಿಸಿ ಇವನ್ನು ತಯಾರಿಸುತ್ತವೆ. ಇದು ಗಿಡದ ರಕ್ಷಣೆಯ ಒಂದು ಭಾಗ. ಎರಡನೆಯದು ಎಲೆಯ ಬಣ್ಣಗಳು ಒಡೆದು ಬಂದವು. ಪತ್ರಹರಿತ್ತಿನ ಅಣುವಿಗೆ ಉದ್ದನೆಯ ಒಂದು ಬಾಲವಿದೆ, ಅದು ಕಳಚಿಕೊಂಡರೆ ಫೈಟಾಲ್. ಕ್ಯಾರೊಟಿನ್ ಒಡೆದರೆ ಬೀಟಾ-ಅಯೊನೋನ್. ಮೂರನೆಯದು ಪಾಲ್ಮಿಟಿಕ್ ಆಮ್ಲದಂಥ ಕೊಬ್ಬಿನ ಆಮ್ಲಗಳು. ಇವಲ್ಲದೆ ಕೆಲವು ಚೀನೀ ಪ್ರಭೇದಗಳಲ್ಲಿ ಸೆಡ್ರಾಲ್ ಎಂಬ, ಸೀಡರ್ ಮರದಲ್ಲಿ ಸಿಗುವ ವಸ್ತುವೂ ಕಾಣಿಸಿದೆ.

ಅಂದರೆ ಈ ಎಣ್ಣೆಯ ಬಹುಪಾಲು ಹಸಿರೆಲೆಗಳಲ್ಲಿ ಸಾಮಾನ್ಯವಾಗಿ ಇರುವ ಸಾಮಗ್ರಿಯೇ. ಬಿದಿರಿಗೆ ಮಾತ್ರ ಸೇರಿದ ಗುಟ್ಟಿನ ವಸ್ತು ಯಾವುದೂ ಅಲ್ಲ. ಇನ್ನೊಂದು ಮಾತು. 'ಇಂಥ ವಸ್ತು ಶೇಕಡಾ 20 ಇದೆ' ಅಂತ ವರದಿಯಲ್ಲಿ ಓದಿದರೆ ಅದು ಎಲೆಯ ಶೇಕಡಾ 20 ಅಲ್ಲ, ಆ ನಾಲ್ಕು ಹನಿ ಎಣ್ಣೆಯ ಶೇಕಡಾ 20. ಪ್ರಭೇದ, ಋತು, ಎಲೆಯ ವಯಸ್ಸು, ಎಣ್ಣೆ ತೆಗೆದ ವಿಧಾನ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ಪ್ರಕಟವಾದ ಅಧ್ಯಯನಗಳಲ್ಲಿ ಹೆಚ್ಚಿನವು ಚೀನಾ, ಜಪಾನಿನ ಫಿಲೊಸ್ಟೇಕಿಸ್ ಕುಲದ ಬಿದಿರಿನವು. ನಮ್ಮ ಘಟ್ಟದ ಕಾಡಿನ ಹೆಬ್ಬಿದಿರು ಬ್ಯಾಂಬೂಸಾ, ಕಿರುಬಿದಿರು ಡೆಂಡ್ರೊಕ್ಯಾಲಮಸ್. ಅಲ್ಲಿಯ ಫಲಿತಾಂಶವನ್ನು ತಂದು ಮಾವನ ತೋಟದ ಮೆಳೆಗೆ ಅಂಟಿಸೋಕೆ ಬರಲ್ಲ.

ಕಷಾಯ ಬೇರೆ, ಎಣ್ಣೆ ಬೇರೆ

ಈಗ ಅಸಲಿ ಗೊಂದಲಕ್ಕೆ ಬರೋಣ. ಬಿದಿರೆಲೆಗೆ ವಿಜ್ಞಾನದಲ್ಲಿ ಒಳ್ಳೆಯ ಹೆಸರಿದೆ, ಅದು ಸುಳ್ಳಲ್ಲ. ಎಲೆಯಲ್ಲಿ ಓರಿಯೆಂಟಿನ್, ಐಸೊಓರಿಯೆಂಟಿನ್, ವೈಟೆಕ್ಸಿನ್, ಐಸೊವೈಟೆಕ್ಸಿನ್ ಎಂಬ ಫ್ಲೇವನಾಯ್ಡ್‌ಗಳಿವೆ. ಇವು ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟ್‌ಗಳು. ಚೀನಾದಲ್ಲಿ ಬಿದಿರೆಲೆಯ ಈ ಸಾರಕ್ಕೆ ಆಹಾರದಲ್ಲಿ ಬಳಸಲು ಅಧಿಕೃತ ಅನುಮತಿಯೇ ಇದೆ. ಖಾದ್ಯ ತೈಲ, ಮಾಂಸದ ಉತ್ಪನ್ನಗಳು ಕಮಟು ಹಿಡಿಯದಿರಲಿ ಅಂತ ಸೇರಿಸುತ್ತಾರೆ. ಆಲೂಗಡ್ಡೆ ಕರಿಯುವಾಗ ಹುಟ್ಟುವ ಅಕ್ರಿಲಮೈಡ್ ಎಂಬ ಹಾನಿಕಾರಕ ವಸ್ತುವನ್ನು ಇದು ತಗ್ಗಿಸುತ್ತದೆ ಎಂದು ತೋರಿಸಿದ ಪ್ರಯೋಗಗಳೂ ಇವೆ.

ಆದರೆ ಈ ಫ್ಲೇವನಾಯ್ಡ್‌ಗಳಿಗೆ ಸಕ್ಕರೆಯ ಅಣು ಅಂಟಿಕೊಂಡಿದೆ. ಅವು ಭಾರ, ನೀರು ಮತ್ತು ಆಲ್ಕೋಹಾಲಿನಲ್ಲಿ ಕರಗುತ್ತವೆ, ಹಬೆಯ ಜೊತೆ ಹಾರುವುದಿಲ್ಲ. ಎಣ್ಣೆ ಇಳಿಸುವಾಗ ಅವು ಹಂಡೆಯ ತಳದ ಎಲೆ ಮತ್ತು ನೀರಿನಲ್ಲೇ ಉಳಿಯುತ್ತವೆ. ಕರಪತ್ರ ಹೊಗಳಿದ ವಸ್ತು ಬಾಟಲಿಯಲ್ಲಿ ಇರುವುದಿಲ್ಲ, ಎಣ್ಣೆ ತೆಗೆದ ಮೇಲೆ ಹೊರಗೆ ಚೆಲ್ಲುವ ನೀರಿನಲ್ಲಿರುತ್ತದೆ!

'ಸಾವಿರಾರು ವರ್ಷಗಳ ಚೀನೀ ವೈದ್ಯ' ಎಂಬ ಸಾಲೂ ಕರಪತ್ರದಲ್ಲಿತ್ತು. ಚೀನೀ ಔಷಧಿಕೋಶದಲ್ಲಿ 'ಡಾನ್ ಜು ಯೆ' ಎಂಬ ಪ್ರಸಿದ್ಧ ಎಲೆಯಿದೆ, ಹೆಸರಿನಲ್ಲಿ 'ಬಿದಿರೆಲೆ' ಅಂತಲೇ ಇದೆ. ಆದರೆ ಆ ಗಿಡ ಬಿದಿರಲ್ಲ, ಲೊಫಾಥೆರಮ್ ಎಂಬ ಬೇರೊಂದು ಹುಲ್ಲು. ನಮ್ಮ ಆಯುರ್ವೇದದ ವಂಶಲೋಚನ ಬಿದಿರಿನದ್ದೇ ಹೌದು, ಆದರೆ ಅದು ಕಾಂಡದ ಗೆಣ್ಣುಗಳ ನಡುವೆ ಗಟ್ಟಿಯಾಗುವ ಸಿಲಿಕಾ. ಎಲೆಗೂ ಅದಕ್ಕೂ ಸಂಬಂಧವಿಲ್ಲ.

ತಟ್ಟೆಯಲ್ಲಿ ಸತ್ತ ರೋಗಾಣು

ಹಾಗಂತ ಎಣ್ಣೆಗೆ ಯಾವ ಗುಣವೂ ಇಲ್ಲವೇ? ಇದೆ, ಪ್ರಯೋಗಾಲಯದ ಮಟ್ಟದಲ್ಲಿ. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಉತ್ಕರ್ಷಣ ನಿರೋಧಕ ವಸ್ತು ಸೇರಿಸಿದರೆ ಬಣ್ಣ ಹಳದಿಗೆ ತಿರುಗುತ್ತದೆ. ಬಿದಿರೆಲೆ ಎಣ್ಣೆ ಈ ಪರೀಕ್ಷೆಯಲ್ಲಿ ಅಷ್ಟಿಷ್ಟು ಪಾಸಾಗುತ್ತದೆ. ಟೀ, ಅರಿಶಿನ, ನೆಲ್ಲಿಕಾಯಿ ಕೂಡ ಪಾಸಾಗುತ್ತವೆ. ಗಾಜಿನ ನಳಿಕೆಯಲ್ಲಿ ಬಣ್ಣ ಬದಲಾಯಿತು ಅಂದ ಮಾತ್ರಕ್ಕೆ ದೇಹದೊಳಗೂ ಹಾಗೇ ಆಗುತ್ತೆ ಅಂತಲ್ಲ. ನಡುವೆ ಜೀರ್ಣಾಂಗ, ಯಕೃತ್ತು, ರಕ್ತ ಎಲ್ಲ ಇವೆ.

ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಎಣ್ಣೆ ಅದ್ದಿದ ಕಾಗದದ ಬಿಲ್ಲೆ ಇಟ್ಟರೆ ಸುತ್ತ ಒಂದು ಖಾಲಿ ವೃತ್ತ ಮೂಡಬಹುದು. ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಸುಲಭವಾಗಿ ಸೋಲುತ್ತವೆ. ಇ-ಕೋಲಿಯಂಥವಕ್ಕೆ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ನೋಡಬೇಕಾದ್ದು ಪ್ರಮಾಣವನ್ನು. ಒಳ್ಳೆಯ ಆಂಟಿಬಯೋಟಿಕ್‌ಗೆ ಮೈಕ್ರೋಗ್ರಾಂಗಳು ಸಾಕಾಗುವಲ್ಲಿ ಸುಗಂಧ ತೈಲಗಳಿಗೆ ಬಹಳ ಸಲ ಮಿಲಿಗ್ರಾಂಗಳು ಬೇಕು, ಅಂದರೆ ಸಾವಿರ ಪಟ್ಟಿನ ಲೆಕ್ಕ. ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶದ ಕಥೆಯೂ ಅಷ್ಟೇ. ಅದರ ಮೇಲೆ ಫಿನಾಯಿಲ್ ಸುರಿದರೂ ಸಾಯುತ್ತದೆ. ನಾವು ಫಿನಾಯಿಲ್ ಕುಡಿಯುವುದಿಲ್ಲ.

ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ. ಆದರೂ ಊರಿನ ಸಭಾಭವನದಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಅದು ರಾಜಾರೋಷವಾಗಿ ನಡೆಯುತ್ತದೆ. ಯಾರಾದರೂ ಇದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಹೊಣೆ ಯಾರು?

ಬಿದಿರಿನ ಲೆಕ್ಕ ಮೊದಲಿಂದಲೂ ಹೀಗೇ

ಉತ್ತರ ಕನ್ನಡಕ್ಕೆ ಇಂಥ ಭರವಸೆ ಹೊಸದಲ್ಲ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದಾಗ ಸರ್ಕಾರ ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಬಿದಿರು ಕೊಟ್ಟಿತ್ತು. ಬುಟ್ಟಿ ಹೆಣೆಯುವ ಮೇದರು ಅದೇ ಬಿದಿರನ್ನು ಅದಕ್ಕಿಂತ ನೂರಾರು ಪಟ್ಟು ಬೆಲೆ ತೆತ್ತು ಕೊಳ್ಳಬೇಕಿತ್ತು. ಬಿದಿರು ಖಾಲಿಯಾಗುತ್ತಾ ಬಂದಾಗ ತಪ್ಪು ಹಳ್ಳಿಗರ ಮೇಲೆ ಬಂತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಕಾಡಿಗೆ ಹೋಗಿ ನೋಡಿದಾಗ ಬೇರೆಯೇ ಕಾರಣ ಕಂಡಿತು. ಮೆಳೆ ಇಕ್ಕಟ್ಟಾಗಿದೆ ಅಂತ ಅರಣ್ಯ ಇಲಾಖೆ ಬುಡದ ಮುಳ್ಳಿನ ಹೊದಿಕೆಯನ್ನು ತೆಗೆಸುತ್ತಿತ್ತು. ರಕ್ಷಣೆ ಕಳೆದುಕೊಂಡ ಕಳಲೆಯನ್ನು ಪ್ರಾಣಿಗಳು ತಿಂದು ಮುಗಿಸುತ್ತಿದ್ದವು. ಮುಳ್ಳು ತೆಗೆದರೆ ಕಳಲೆ ಉಳಿಯಲ್ಲ ಅನ್ನೋದು ಊರಿನವರಿಗೆ ಗೊತ್ತಿತ್ತು, ಕೇಳಿದವರಿರಲಿಲ್ಲ.

ಕಾನೂನು ಕೂಡ ಬಹಳ ಕಾಲ ಬಿದಿರನ್ನು ಮರ ಅಂತಲೇ ಹಿಡಿದಿಟ್ಟಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಕಿರು ಅರಣ್ಯ ಉತ್ಪನ್ನ ಅಂದು ಅರಣ್ಯವಾಸಿಗಳಿಗೆ ಒಡೆತನ ಕೊಟ್ಟಿತು. ಆದರೂ ಗಡಚಿರೋಲಿಯ ಮೆಂಡಾ ಲೇಖಾ ಗ್ರಾಮಸಭೆಯ ಕೈಗೆ ಬಿದಿರು ಸಾಗಿಸುವ ಪಾಸ್ ಪುಸ್ತಕ ಬರಲು 2011ರವರೆಗೆ ಹೋರಾಡಬೇಕಾಯಿತು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಬಿಟ್ಟದ್ದು 2017ರಲ್ಲಿ. ಈಗ ಬಿದಿರು 'ಹಸಿರು ಚಿನ್ನ'. ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ, ಗ್ರಂಥಸ್ಥ ಸಾಂಪ್ರದಾಯಿಕ ಜ್ಞಾನ ಮತ್ತು ಬೆಳೆಸಿದ ಔಷಧಿ ಸಸ್ಯಗಳ ಬಳಕೆಗೆ ಲಾಭ ಹಂಚಿಕೆಯ ವಿಷಯದಲ್ಲಿ ವಿನಾಯಿತಿ ಕೊಟ್ಟಿದೆ. ನಷ್ಟವಾದರೆ ರೈತನದು, ಲಾಭವಾದರೆ ಕಂಪನಿಯದು ಎನ್ನುವ ಹಳೆಯ ಸೂತ್ರಕ್ಕೆ ಈಗ ವಿಜ್ಞಾನದ ಲೇಬಲ್ ಅಂಟಿದೆ, ಅಷ್ಟೇ ವ್ಯತ್ಯಾಸ.

ನಿಮ್ಮೂರಿಗೂ ಇಂಥ ಕರಪತ್ರ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಸಂಶೋಧನೆ ನಡೆದದ್ದು ಎಣ್ಣೆಯ ಮೇಲೋ, ಸಾರದ ಮೇಲೋ? ಯಾವ ಪ್ರಭೇದದ ಬಿದಿರು? ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ನೂರು ಕಿಲೋ ಎಲೆಗೆ ಎಷ್ಟು ಎಣ್ಣೆ, ಅದನ್ನು ನನ್ನ ಕಣ್ಣೆದುರೇ ತೆಗೆದು ತೋರಿಸ್ತೀರಾ?

ಮಾವ ಕೊನೆಯ ಪ್ರಶ್ನೆಯೊಂದನ್ನೇ ಕೇಳಿದರಂತೆ. ಕಂಪನಿಯವರು 'ಮುಂಗಡ ಕಟ್ಟಿದ ಮೇಲೆ ತರಬೇತಿಯಲ್ಲಿ ತೋರಿಸ್ತೀವಿ' ಅಂದರಂತೆ. ಮಾವ ಕಟ್ಟಲಿಲ್ಲ. ಊರಿನಲ್ಲಿ ಮೂವರು ಕಟ್ಟಿದ್ದಾರೆ. ಅದರಲ್ಲಿ ಒಬ್ಬರು ಸೊಸೈಟಿಯಲ್ಲಿ ಸಾಲ ಮಾಡಿ ಕಟ್ಟಿದ್ದಾರೆ. ಈ ಲೇಖನವನ್ನು ಮೊದಲು ಕಳಿಸ್ತಿರೋದು ಅವರ ಮಗನಿಗೆ.