ಬಾಕ್ಸಿಂಗ್ ಬಾಜಿ: ರೊಕ್ಕ ಯಾರ ಕೈಗೆ ಹೋಗುತ್ತದೆ?

ಜಾತ್ರೆಯಲ್ಲಿ ಕುಸ್ತಿ ನೋಡಿದ್ದೀರಿ. ಸಂಕ್ರಾಂತಿಯ ಕೋಳಿ ಪಂದ್ಯದ ಸುದ್ದಿ ಕೇಳಿದ್ದೀರಿ. "ಇವನೇ ಗೆಲ್ತಾನ, ಹಚ್ಚು ನೂರು ರೂಪಾಯಿ" ಎಂಬ ಮಾತು ನಮ್ಮ ಕಡೆ ಹೊಸದಲ್ಲ. ಈಗ ಆ ಬಾಜಿ ಮೊಬೈಲಿಗೆ ಬಂದಿದೆ. ಕ್ರಿಕೆಟ್ ಆಯ್ತು, ಬಾಕ್ಸಿಂಗ್ ಮೇಲೂ ಹಚ್ಚುತ್ತಾರೆ. ಮಕ್ತಲ್ ಕಡೆಯ ಒಬ್ಬ ತಾಯಿ ನನ್ನನ್ನು ಕೇಳಿದರು: "ಸರ, ನನ್ನ ಮಗ ಮಗ್ಗದ ಕೂಲಿ ಎಲ್ಲಾ ಅದಕ್ಕೇ ಹಾಕ್ತಾನ. ಅದು ಏನದು?"

ಬಾಕ್ಸಿಂಗ್ ಎಂದರೆ ಮುಷ್ಟಿ ಕಾಳಗ. ಒಲಿಂಪಿಕ್ಸ್‌ನಲ್ಲಿ 3 ಸುತ್ತು ಆಡುತ್ತಾರೆ. ಒಂದೊಂದು ಸುತ್ತು 3 ನಿಮಿಷ. 5 ಜನ ತೀರ್ಪುಗಾರರು ಅಂಕ ಕೊಡುತ್ತಾರೆ. ನಮ್ಮ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ಜಗತ್ತಿನ ಚಾಂಪಿಯನ್ ಆದರು.

ಈಗ ಲೆಕ್ಕ ನೋಡೋಣ. ಪೆನ್ಸಿಲ್ ಹಿಡಿಯಿರಿ.

ಇಬ್ಬರು ಸರಿಸಮ ಆಟಗಾರರು. ಯಾರ ಮೇಲೆ 100 ರೂಪಾಯಿ ಹಚ್ಚಿದರೂ, ಗೆದ್ದರೆ 190 ವಾಪಸ್ ಎನ್ನುತ್ತಾನೆ ಬಾಜಿಯವನು. 10 ಜನ ಒಬ್ಬನ ಮೇಲೆ, 10 ಜನ ಇನ್ನೊಬ್ಬನ ಮೇಲೆ ಹಚ್ಚಿದರು. ಕೂಡಿದ್ದು 2,000. ಗೆದ್ದ 10 ಜನಕ್ಕೆ ಕೊಟ್ಟದ್ದು 1,900. ಉಳಿದ 100 ಬಾಜಿಯವನಿಗೆ. ಯಾರು ಗೆದ್ದರೂ ಅವನಿಗೆ 100. ಇಂಥ 20 ಪಂದ್ಯ ಆದರೆ 2,000 ರೂಪಾಯಿ ಅವನ ಜೇಬಿಗೆ. ಅವನು ಒಂದು ಗುದ್ದೂ ತಿಂದಿಲ್ಲ!

"ದೊಡ್ಡ ಆಟಗಾರರ ಮೇಲೆ ಹಚ್ಚಿದರೆ ಸೋಲೋದಿಲ್ಲ" ಅಂತಾರ. ಆದರೆ ಅಂಥವರ ಮೇಲೆ 100ಕ್ಕೆ 120 ಮಾತ್ರ ಕೊಡುತ್ತಾರೆ ಎನ್ನಿರಿ. 5 ಸಲ ಗೆದ್ದರೆ ಲಾಭ 100. ಒಂದು ಸಲ ಸೋತರೆ ಆ 100 ಹೋಯ್ತು. ದೊಡ್ಡವರೂ ಸೋಲುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಿಖತ್ ಎರಡನೇ ಪಂದ್ಯದಲ್ಲೇ ಚೀನಾದ ವೂ ಯು ಅವರಿಗೆ ಸೋತರು.

ಇನ್ನು ಕಾನೂನು. 1974ರ ಜೂಜು ಕಾಯ್ದೆಗೆ ತೆಲಂಗಾಣ ಸರ್ಕಾರ 2017ರಲ್ಲಿ ಮೊಬೈಲ್ ಜೂಜನ್ನೂ ಸೇರಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಿತು. ರೊಕ್ಕದ ಆನ್‌ಲೈನ್ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಕೃಷ್ಣಾ ಸೇತುವೆ ದಾಟಿ ರಾಯಚೂರಿಗೆ ಹೋದರೆ ನಡೀತದ ಅಂತ ಕೆಲವರು ಹೇಳ್ತಾರ. ಆ ಕಾನೂನು ಅಲ್ಲಿಯೂ ಅದೇ.

ಗೆದ್ದ ರೊಕ್ಕ ಬಾಜಿಯವನು ಕೊಡದಿದ್ದರೆ? ಕೋರ್ಟಿಗೆ ಹೋಗಿ ಕೇಳಲು ಬರುವುದಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಬಾಜಿಯ ಮಾತು ಕರಾರೇ ಅಲ್ಲ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಆ ತಾಯಿಗೆ ನಾನು ಈ ಲೆಕ್ಕವನ್ನೇ ಹಾಳೆಯಲ್ಲಿ ಬರೆದು ಕೊಟ್ಟೆ. ಮೊಬೈಲಿನಲ್ಲಿ ಮೋಸ ಮಾಡಿ ಯಾರಾದರೂ ರೊಕ್ಕ ಎಳೆದುಕೊಂಡಿದ್ದರೆ 1930 ನಂಬರಿಗೆ ಕೂಡಲೇ ಫೋನ್ ಮಾಡಿರಿ. ಎಷ್ಟು ರೊಕ್ಕ, ಯಾವ ದಿನ, ಯಾವ ಖಾತೆಗೆ ಹೋಯ್ತು, ಇದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡಿರಿ. ಅವರು ಅದನ್ನೇ ಕೇಳುತ್ತಾರೆ.